ಇನ್ನೂರು ಪಿಕ್ಸೆಲ್ ಮಿತಿ: ಬಿಲ್ಡ್ ಆಗದ ಹಳೆಯ ಪ್ರೋಗ್ರಾಂ ಒಂದರ ಪ್ರಕರಣ ಅಧ್ಯಯನ

ಈ ಪ್ರಕರಣದ ಸಂಶೋಧಕಿಯ, ಅವರ ಪ್ರಯೋಗಾಲಯದ ಹಾಗೂ ಪ್ರೋಗ್ರಾಂನ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ವಿವರಗಳು ಮಾತ್ರ ನಡೆದಂತೆಯೇ ಇವೆ. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ; ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹಿನ್ನೆಲೆ

ಸೂಕ್ಷ್ಮದರ್ಶಕದಿಂದ ತೆಗೆದ ಚಿತ್ರಗಳಲ್ಲಿ ಎಷ್ಟು ಕಣಗಳಿವೆ ಎಂದು ಎಣಿಸುವ ಪ್ರೋಗ್ರಾಂ ಅದು. ಸಿ ಭಾಷೆಯಲ್ಲಿ ಬರೆದ ಹನ್ನೊಂದು ಫೈಲುಗಳು, ಅವನ್ನು ಹೇಗೆ ಜೋಡಿಸಬೇಕೆಂದು ಮೇಕ್ ಎಂಬ ಸಾಧನಕ್ಕೆ ಹೇಳುವ ಒಂದು ಮೇಕ್‌ಫೈಲ್, ಬಿಲ್ಡ್.ಎಸ್‌ಎಚ್ ಎಂಬ ಪುಟ್ಟ ಸ್ಕ್ರಿಪ್ಟ್ ಮತ್ತು ನಾಲ್ಕು ಸಾಲಿನ ರೀಡ್‌ಮಿ ಫೈಲ್ ಬಿಟ್ಟರೆ ಅದರ ಜೊತೆ ಬೇರೇನೂ ಇರಲಿಲ್ಲ. ಬರೆದವರು ಪ್ರಯೋಗಾಲಯ ಬಿಟ್ಟು ಹಲವು ವರ್ಷಗಳಾಗಿದ್ದವು. ಪ್ರೋಗ್ರಾಂ ಓಡುತ್ತಿದ್ದ ಡೆಬಿಯನ್ 8ರ (ಲಿನಕ್ಸಿನ ಒಂದು ವಿತರಣೆ) ಯಂತ್ರ ಒಂದು ದಿನ ಕೆಟ್ಟು ನಿಂತಿತು. ಪುಣ್ಯಕ್ಕೆ ಬ್ಯಾಕಪ್ ಇತ್ತು. ಸಂಶೋಧಕಿಯು ಡೆಬಿಯನ್ 13 ಹಾಕಿದ ಹೊಸ ಯಂತ್ರಕ್ಕೆ ಇಡೀ ಫೋಲ್ಡರನ್ನು ಇಳಿಸಿಕೊಂಡರು.

ರೀಡ್‌ಮಿ ಫೈಲಿನ ನಾಲ್ಕು ಸಾಲುಗಳಲ್ಲಿ ಎರಡು ಮುಖ್ಯವಾದವು. ಒಂದು, ಬಿಲ್ಡ್ ಮಾಡಲು, ಅಂದರೆ ಮೂಲ ಕೋಡನ್ನು ಕಂಪೈಲ್ ಮಾಡಿ (ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಂದು) ಓಡಿಸಬಹುದಾದ ಪ್ರೋಗ್ರಾಂ ಫೈಲ್ ಮಾಡಲು, ಬಿಲ್ಡ್.ಎಸ್‌ಎಚ್ ಓಡಿಸಿ ಎಂಬುದು. ಇನ್ನೊಂದು, ಚಿತ್ರದ ಅಗಲವಾಗಲಿ ಎತ್ತರವಾಗಲಿ 200 ಪಿಕ್ಸೆಲ್ ಮೀರಬಾರದು, ಮೀರಿದರೆ ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ ಎಂಬುದು. ಈ ಎರಡನೆಯ ಸಾಲಿನ ಕಾರಣಕ್ಕೆ ಪ್ರಯೋಗಾಲಯದವರು ದೊಡ್ಡ ಚಿತ್ರಗಳನ್ನು 200 ಪಿಕ್ಸೆಲ್ ಚೌಕದ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಎಣಿಸಿ, ಕೊನೆಗೆ ಮೊತ್ತ ಹಾಕುವ ಇನ್ನೊಂದು ಸ್ಕ್ರಿಪ್ಟನ್ನು ಮಾಡಿಕೊಂಡಿದ್ದರು. ಮಿತಿ ಏಕಿದೆ ಎಂದು ಯಾರೂ ಕೇಳಿರಲಿಲ್ಲ. ಅದು ಪ್ರೋಗ್ರಾಂನ ಸ್ವಭಾವ ಎಂದೇ ಎಲ್ಲರೂ ಒಪ್ಪಿಕೊಂಡಿದ್ದರು.

ಸಮಸ್ಯೆ

ಹೊಸ ಯಂತ್ರದಲ್ಲಿ ಬಿಲ್ಡ್.ಎಸ್‌ಎಚ್ ಓಡಿಸಿದಾಗ ಕ್ಷಣಾರ್ಧದಲ್ಲಿ 'ಬಿಲ್ಡ್ ಕಂಪ್ಲೀಟ್' ಎಂಬ ಸಾಲು ಬಂತು. ಪ್ರೋಗ್ರಾಂ ಓಡಿಸಿದರೆ, ಲಿಬ್‌ಪಿಎನ್‌ಜಿ12.ಎಸ್‌ಒ.0 ಎಂಬ ಹಂಚಿಕೆಯ ಲೈಬ್ರರಿಯನ್ನು (ಪಿಎನ್‌ಜಿ ಚಿತ್ರಗಳನ್ನು ಓದಲು ಹಲವು ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ತೆರೆಯಲು ಆಗುತ್ತಿಲ್ಲ, ಅಂಥ ಫೈಲ್ ಇಲ್ಲ ಎಂಬ ದೋಷ. ಸಂಶೋಧಕಿ ಈ ಸಾಲನ್ನು ಅಂತರ್ಜಾಲದಲ್ಲಿ ಹುಡುಕಿದರು. ಯಾರೋ ಕೊಟ್ಟ ಸಲಹೆ ಸಿಕ್ಕಿತು: ಯಂತ್ರದಲ್ಲಿರುವ ಲಿಬ್‌ಪಿಎನ್‌ಜಿ16ಕ್ಕೆ ಲಿಬ್‌ಪಿಎನ್‌ಜಿ12 ಎಂಬ ಹೆಸರಿನ ಸಿಂಬಾಲಿಕ್ ಲಿಂಕ್ (ಬೇರೆ ಫೈಲಿನತ್ತ ಬೆರಳು ತೋರುವ ಹೆಸರು) ಮಾಡಿಬಿಡಿ. ಅವರು ಸುಡೊ ಹಾಕಿ, ಅಂದರೆ ನಿರ್ವಾಹಕರ ಅಧಿಕಾರದಿಂದ, ಲಿಂಕ್ ಮಾಡಿದರು. ಈಗ ದೋಷದ ಪಠ್ಯ ಬದಲಾಯಿತು. ಪಿಎನ್‌ಜಿ12_0 ಎಂಬ ಆವೃತ್ತಿ ಈ ಲೈಬ್ರರಿಯಲ್ಲಿ ಸಿಗಲಿಲ್ಲ ಎಂದು ಬಂತು. ದೋಷ ಬದಲಾದದ್ದನ್ನು ಪ್ರಗತಿ ಎಂದು ಭಾವಿಸುವುದು ಸಹಜ. ಅವರೂ ಹಾಗೆ ಭಾವಿಸಿ ಇನ್ನೆರಡು ದಿನ ಅದೇ ದಾರಿಯಲ್ಲಿ ನಡೆದರು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಲೈಬ್ರರಿ ಹೆಸರಿನ ಕೊನೆಯಲ್ಲಿರುವ ಅಂಕಿ ಅಲಂಕಾರಕ್ಕಿರುವುದಲ್ಲ. ಒಳಗಿನ ರಚನೆ ಹೊಂದಾಣಿಕೆಯಾಗದಷ್ಟು ಬದಲಾದಾಗಲೇ ಆ ಅಂಕಿ ಬದಲಾಗುತ್ತದೆ. ಬೇರೆ ಅಂಕಿಯ ಲೈಬ್ರರಿಗೆ ಹಳೆಯ ಹೆಸರಿನ ಲಿಂಕ್ ಕೊಡುವುದೆಂದರೆ ಬೀಗ ಬದಲಾದ ಮನೆಗೆ ಹಳೆಯ ಬೀಗದ ಕೈಯನ್ನೇ ತುರುಕಿದಂತೆ. ಇಲ್ಲಿ ಆವೃತ್ತಿಯ ಗುರುತು ಇದ್ದುದರಿಂದ ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿಗಳನ್ನು ಜೋಡಿಸುವ ಲೋಡರ್ ಬಾಗಿಲಲ್ಲೇ ತಡೆಯಿತು. ಅಂಥ ಗುರುತಿಲ್ಲದ ಲೈಬ್ರರಿಯಾಗಿದ್ದರೆ ಪ್ರೋಗ್ರಾಂ ಓಡಿ ತಪ್ಪು ಉತ್ತರ ಕೊಡುತ್ತಿದ್ದಿರಬಹುದು.

ನನ್ನ ಬಳಿಗೆ ಬಂದಾಗ ಸಂಶೋಧಕಿ ಹೇಳಿದ ಮೊದಲ ಮಾತು ಇದು: "ಬಿಲ್ಡ್ ಸರಿಯಾಗಿ ಆಗ್ತಿದೆ, ಓಡಿಸುವಾಗ ಮಾತ್ರ ತೊಂದರೆ." ನಾವು ಪರೀಕ್ಷಿಸಬೇಕಾಗಿದ್ದುದು ಈ ಮಾತಿನ ಮೊದಲ ಅರ್ಧವನ್ನೇ.

ಮೊದಲ ತಿರುವು: ಆಗದೇ ಇದ್ದ ಬಿಲ್ಡ್

ಏನನ್ನೂ ಮುಟ್ಟುವ ಮೊದಲು ಎಲ್ಎಸ್ -ಎಲ್ ಹಾಕಿ ಫೋಲ್ಡರನ್ನು ನೋಡಿದೆವು. ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ಫೈಲುಗಳ ಒಡೆಯರ ಹೆಸರು ಇರಬೇಕಾದ ಕಡೆ 1004 ಎಂಬ ಬರಿಯ ಅಂಕಿ ಇತ್ತು. ಬ್ಯಾಕಪನ್ನು ಸುಡೊ ಹಾಕಿ ಬಿಚ್ಚಿದ್ದರಿಂದ ಹಳೆಯ ಯಂತ್ರದ ಬಳಕೆದಾರರ ಸಂಖ್ಯೆಯೇ ಉಳಿದುಕೊಂಡಿತ್ತು, ಹೊಸ ಯಂತ್ರದಲ್ಲಿ ಆ ಸಂಖ್ಯೆಯ ಬಳಕೆದಾರರು ಯಾರೂ ಇರಲಿಲ್ಲ. ಸಂಶೋಧಕಿಗೆ ಪ್ರತಿಯೊಂದಕ್ಕೂ 'ಅನುಮತಿ ಇಲ್ಲ' ಎಂಬ ಉತ್ತರ ಬರುತ್ತಿದ್ದುದು ಇದರಿಂದ, ಪ್ರತಿಯೊಂದಕ್ಕೂ ಸುಡೊ ಹಾಕುವ ಅಭ್ಯಾಸ ಬೆಳೆದದ್ದೂ ಇದರಿಂದ. ಚೌನ್ -ಆರ್ ಕಮಾಂಡಿನಿಂದ ಇಡೀ ಫೋಲ್ಡರನ್ನು ಅವರ ಹೆಸರಿಗೆ ಮಾಡಿದ ಮೇಲೆ ಸುಡೊ ಬೇಕಾಗಲೇ ಇಲ್ಲ. ಸ್ವಂತ ಫೋಲ್ಡರಿನೊಳಗೆ ಬಿಲ್ಡ್ ಮಾಡಲು ಸುಡೊ ಬೇಕೆನಿಸಿದರೆ, ಬೇರೆಲ್ಲೋ ತಪ್ಪಿದೆ ಎಂದೇ ನಾನು ಎಣಿಸುತ್ತೇನೆ.

ಎರಡನೆಯ ಸಂಗತಿ ಹೆಚ್ಚು ಮುಖ್ಯವಾದುದು. ಈಗಷ್ಟೇ 'ಕಂಪ್ಲೀಟ್' ಆದ ಪ್ರೋಗ್ರಾಂ ಫೈಲಿನ ದಿನಾಂಕ ಹಲವು ವರ್ಷ ಹಿಂದಿನದಾಗಿತ್ತು.

ಕ್ಯಾಟ್ ಹಾಕಿ ಬಿಲ್ಡ್.ಎಸ್‌ಎಚ್ ಒಳಗೆ ಏನಿದೆ ಎಂದು ನೋಡಿದೆವು. ಎರಡೇ ಸಾಲು. ಮೊದಲನೆಯದು, ಮೇಕ್ -ಜೆ8 > /ಡೆವ್/ನಲ್ 2>&1. ಎರಡನೆಯದು, ಎಕೋ 'ಬಿಲ್ಡ್ ಕಂಪ್ಲೀಟ್'. ಅಂದರೆ ಮೇಕ್ ಹೇಳುವ ಪ್ರತಿ ಮಾತೂ, ದೋಷವಾಗಲಿ ಎಚ್ಚರಿಕೆಯಾಗಲಿ, ಕಸದ ಬುಟ್ಟಿಗೆ ಹೋಗುತ್ತಿತ್ತು. ಮೇಕ್ ಗೆದ್ದರೂ ಸೋತರೂ ಎರಡನೆಯ ಸಾಲು ತನ್ನ ಪಾಠ ಒಪ್ಪಿಸುತ್ತಿತ್ತು. ಬರೆದವರಿಗೆ ಪರದೆ ಚೊಕ್ಕಟವಾಗಿರಲಿ ಎಂಬ ಆಸೆ ಇದ್ದಿರಬಹುದು.

ಸ್ಕ್ರಿಪ್ಟನ್ನು ಬದಿಗಿಟ್ಟು ನೇರವಾಗಿ ಮೇಕ್ ಎಂದು ಟೈಪ್ ಮಾಡಿದಾಗ, ಪ್ರೋಗ್ರಾಂ ಈಗಾಗಲೇ ಅಪ್ ಟು ಡೇಟ್ ಆಗಿದೆ ಎಂಬ ಉತ್ತರ ಬಂತು. ದೋಷವೇ ಇಲ್ಲ! ಇದು ಹೊಸಬರನ್ನು ಗೊಂದಲಗೊಳಿಸುವ ಉತ್ತರ, ಆದರೆ ಮೇಕ್‌ನ ದೃಷ್ಟಿಯಿಂದ ನಿಜವಾದ ಉತ್ತರ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಬರೆದ ಕಾಲದಿಂದಲೂ ಮೇಕ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಫೈಲುಗಳ ಕಾಲಮುದ್ರೆಯನ್ನು. ಮೂಲ ಫೈಲಿಗಿಂತ ಅದರಿಂದ ಹುಟ್ಟಿದ ಫೈಲ್ ಹೊಸದಾಗಿದ್ದರೆ ಅದಕ್ಕೆ ಕೆಲಸವಿಲ್ಲ. ಬ್ಯಾಕಪ್ ಬಿಚ್ಚುವಾಗ ಹಳೆಯ ಕಾಲಮುದ್ರೆಗಳು ಹಾಗೇ ಉಳಿದಿದ್ದವು. ಯಂತ್ರ, ಕಂಪೈಲರ್, ಲೈಬ್ರರಿ ಎಲ್ಲವೂ ಬದಲಾಗಿವೆ ಎಂಬುದು ಕಾಲಮುದ್ರೆಯಲ್ಲಿ ಕಾಣುವುದಿಲ್ಲ. ಹೀಗಾಗಿ ಸಂಶೋಧಕಿ ಮೂರು ದಿನ ಓಡಿಸಲು ಹೆಣಗಿದ್ದು ಸತ್ತ ಯಂತ್ರದಲ್ಲಿ ಹುಟ್ಟಿದ ಪ್ರೋಗ್ರಾಂ ಫೈಲನ್ನು. ಹೊಸ ಯಂತ್ರದಲ್ಲಿ ಒಂದೇ ಒಂದು ಸಾಲೂ ಕಂಪೈಲ್ ಆಗಿರಲಿಲ್ಲ.

ಮೇಕ್ ಕ್ಲೀನ್ ಮಾಡುವುದು, ಅಂದರೆ ಹಿಂದೆ ಬಿಲ್ಡ್ ಆದ ಫೈಲುಗಳನ್ನು ಅಳಿಸುವುದು, ಮುಂದಿನ ಹೆಜ್ಜೆ. ಅದಕ್ಕೂ ಮೊದಲು ಹಳೆಯ ಪ್ರೋಗ್ರಾಂ ಫೈಲಿನ ಒಂದು ನಕಲನ್ನು ಬೇರೆ ಕಡೆ ಇಟ್ಟೆವು. ಇದನ್ನು ನಾನು ಬರಿಯ ಅಭ್ಯಾಸಬಲದಿಂದ ಮಾಡಿದ್ದೇ ಹೊರತು ಮುಂದಾಲೋಚನೆ ಏನೂ ಇರಲಿಲ್ಲ. ಮುಂದೆ ಅದೇ ನಮ್ಮ ಏಕೈಕ ಸಾಕ್ಷಿಯಾಯಿತು. ಸಂಶೋಧಕಿ ಮಾಡಿದ್ದ ಸಿಂಬಾಲಿಕ್ ಲಿಂಕನ್ನೂ ತೆಗೆದೆವು. ಡಿಪಿಕೆಜಿ -ಎಸ್ ಕಮಾಂಡಿಗೆ (ಎಸ್ ದೊಡ್ಡಕ್ಷರ) ಆ ಲಿಂಕಿನ ಹಾದಿಯನ್ನು ಕೊಟ್ಟಾಗ, ಇದು ಯಾವ ಪ್ಯಾಕೇಜಿಗೂ ಸೇರಿದ್ದಲ್ಲ ಎಂದು ತಿಳಿಸಿತು. ಸಿಸ್ಟಂ ಫೋಲ್ಡರಿನಲ್ಲಿ ಕೈಯಿಂದ ಮಾಡಿದ ಬದಲಾವಣೆಗಳನ್ನು ಪತ್ತೆ ಹಚ್ಚಲು ಇದು ಒಳ್ಳೆಯ ಉಪಾಯ.

ಮೊದಲ ದೋಷದಿಂದ ಆರಂಭ

ಈಗ ಬಿಲ್ಡ್ ನಿಜವಾಗಿ ಸೋಲತೊಡಗಿತು. ಪರದೆ ತುಂಬ ಸಾಲುಗಳು ಹರಿದು, ಕಟ್ಟಕಡೆಗೆ ಮೂರು ನಕ್ಷತ್ರ ಚಿಹ್ನೆಗಳೊಂದಿಗೆ 'ಎರರ್ 1' ಎಂದು ನಿಂತಿತು. ಸಂಶೋಧಕಿಯ ಕೈ ತಕ್ಷಣ ಆ ಕೊನೆಯ ಸಾಲನ್ನು ಕಾಪಿ ಮಾಡಲು ಹೋಯಿತು. ಆ ಸಾಲು ಹೇಳುವುದು, ಮೇಕ್ ಓಡಿಸಿದ ಒಂದು ಕಮಾಂಡ್ 1 ಎಂಬ ಸಂಕೇತದೊಡನೆ ಹೊರಬಂತು ಎಂದಷ್ಟೆ. ಅದನ್ನು ಹುಡುಕಿದರೆ ಲೋಕದ ಎಲ್ಲ ಸೋತ ಬಿಲ್ಡ್‌ಗಳೂ ಸಿಗುತ್ತವೆ. ಕಾರಣ ಇರುವುದು ಮೇಲೆ, ಮೊದಲ ದೋಷದಲ್ಲಿ.

ಆ ಮೊದಲನೆಯದನ್ನು ಹಿಡಿಯಲು ಎರಡು ಬದಲಾವಣೆ ಮಾಡಿದೆವು. -ಜೆ8 ಎಂದರೆ ಎಂಟು ಕೆಲಸ ಒಟ್ಟೊಟ್ಟಿಗೆ ನಡೆಯುತ್ತವೆ, ಅವುಗಳ ಮಾತುಗಳು ಒಂದರೊಳಗೊಂದು ಬೆರೆಯುತ್ತವೆ. ಅದನ್ನು -ಜೆ1 ಮಾಡಿದೆವು. ಹೊರಬರುವ ಎಲ್ಲವನ್ನೂ 2>&1 ಮೂಲಕ ಒಂದುಗೂಡಿಸಿ ಟೀ ಕಮಾಂಡಿಗೆ ಪೈಪ್ ಮಾಡಿ, ಪರದೆಯ ಮೇಲೂ ಬಿಲ್ಡ್.ಲಾಗ್ ಫೈಲಿನಲ್ಲೂ ದಾಖಲಾಗುವಂತೆ ಮಾಡಿದೆವು. ಆಮೇಲೆ ಗ್ರೆಪ್ -ಎನ್ -ಎಂ1 ಬಳಸಿ 'ಎರರ್' ಮತ್ತು ವಿವರಣ ಚಿಹ್ನೆ ಒಟ್ಟಿಗೆ ಬರುವ ಮೊದಲ ಸಾಲನ್ನು ಹೆಕ್ಕಿದೆವು.

ಸಿಕ್ಕಿದ ಸಾಲು ಸರಳವಾಗಿತ್ತು: ಪಿಎನ್‌ಜಿ.ಎಚ್ ಎಂಬ ಫೈಲ್ ಇಲ್ಲ. ಸಂಶೋಧಕಿಗೆ ಇದು ಅನ್ಯಾಯವೆನಿಸಿತು, ಏಕೆಂದರೆ ಲಿಬ್‌ಪಿಎನ್‌ಜಿ16 ಯಂತ್ರದಲ್ಲಿದೆ ಎಂದು ಅವರು ತಮ್ಮ ಕಣ್ಣಾರೆ ನೋಡಿದ್ದರು. ಡೆಬಿಯನ್ ಬಳಗದ ವಿತರಣೆಗಳಲ್ಲಿ ಲೈಬ್ರರಿಯನ್ನು ಓಡಿಸುವ ಭಾಗ ಒಂದು ಪ್ಯಾಕೇಜ್, ಅದರ ಮೇಲೆ ಹೊಸದನ್ನು ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲುಗಳು -ಡೆವ್ ಎಂದು ಕೊನೆಗೊಳ್ಳುವ ಇನ್ನೊಂದು ಪ್ಯಾಕೇಜ್. ಫೆಡೋರಾ ಬಳಗದಲ್ಲಿ ಅದೇ -ಡೆವೆಲ್. ಲಿಬ್‌ಪಿಎನ್‌ಜಿ-ಡೆವ್ ಹಾಕಿದೊಡನೆ ಈ ದೋಷ ಹೋಯಿತು. ಯಾವ ಹೆಡರ್ ಯಾವ ಪ್ಯಾಕೇಜಿನಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಆಪ್ಟ್-ಫೈಲ್ ಸರ್ಚ್ ತಿಳಿಸುತ್ತದೆ.

ಮುಂದಿನ ಸುತ್ತಿಗೆ ಮೇಕ್ -ಕೆ ಬಳಸಿದೆವು. ಒಂದು ಫೈಲ್ ಸೋತರೂ ಉಳಿದವನ್ನು ಅದು ಮುಂದುವರಿಸುವುದರಿಂದ ಒಟ್ಟು ಹಾನಿ ಎಷ್ಟೆಂದು ಕಾಣುತ್ತದೆ. ಪರದೆಯ ಮೇಲೆ ನೂರಾರು ಸಾಲು ಹರಿದರೂ ನಿಜವಾದ ದೋಷಗಳು ಒಂಬತ್ತೇ, ಅದೂ ಎರಡೇ ಜಾತಿಯವು. ಏಳು ದೋಷಗಳು ಚಿತ್ರ ಓದುವ ಫೈಲಿನಲ್ಲಿದ್ದವು. ಹಳೆಯ ಕೋಡ್ ಲಿಬ್‌ಪಿಎನ್‌ಜಿಯ ಒಳರಚನೆಗೆ ನೇರ ಕೈಹಾಕಿ ಅಗಲ, ಎತ್ತರಗಳನ್ನು ತೆಗೆಯುತ್ತಿತ್ತು, ಲಿಬ್‌ಪಿಎನ್‌ಜಿ 1.5ರಿಂದ ಆ ಒಳರಚನೆಯನ್ನು ಮುಚ್ಚಿದ್ದಾರೆ, ಪಿಎನ್‌ಜಿ_ಗೆಟ್_ಇಮೇಜ್_ವಿಡ್ತ್ ಮುಂತಾದ ಫಂಕ್ಷನ್‌ಗಳ ಮೂಲಕವೇ ಕೇಳಬೇಕು. ಏಳೂ ಕಡೆ ಬದಲಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಆನಂತರ ಕಂಪೈಲ್ ಆದ ತುಂಡುಗಳನ್ನು ಲೈಬ್ರರಿಗಳೊಂದಿಗೆ ಬೆಸೆಯುವ ಲಿಂಕರ್ ಲಿಬ್‌ಪಿಎನ್‌ಜಿ12 ಸಿಗುತ್ತಿಲ್ಲ ಎಂದು ದೂರುವುದೆಂದು ಗೊತ್ತಿದ್ದರಿಂದ, ಮೇಕ್‌ಫೈಲಿನಲ್ಲಿ ಕೈಯಿಂದ ಬರೆದಿದ್ದ ಹೆಸರನ್ನು ತೆಗೆದು ಯಂತ್ರದಲ್ಲಿರುವ ಲೈಬ್ರರಿಗಳ ವಿವರ ತಿಳಿಸುವ ಪಿಕೆಜಿ-ಕಾನ್ಫಿಗ್ ಕೊಡುವ ಹೆಸರನ್ನೇ ಬಳಸುವಂತೆ ಮಾಡಿದೆವು.

ಉಳಿದದ್ದು ಎರಡು ದೋಷ.

ಮುಖ್ಯ ತಿರುವು: ಬಾಯಿ ಮುಚ್ಚಿಸುವುದೋ, ಕೇಳುವುದೋ

ಎರಡೂ ದೋಷಗಳು ಮೇನ್.ಸಿ ಫೈಲಿನ ಒಂದೇ ಸಾಲಿನವು. ಲೋಡ್_ಇಮೇಜ್ ಎಂಬ ಫಂಕ್ಷನ್ನನ್ನು ಘೋಷಿಸದೆ ಬಳಸಲಾಗಿದೆ ಎಂದು ಒಂದು; ಪೂರ್ಣಾಂಕವನ್ನು ಪಾಯಿಂಟರ್ (ಮೆಮೊರಿ ವಿಳಾಸ) ಆಗಿ ಬಳಸಲಾಗುತ್ತಿದೆ ಎಂದು ಇನ್ನೊಂದು. ಸಂಶೋಧಕಿ ಇದನ್ನೂ ಹುಡುಕಿ ಪರಿಹಾರ ತಂದರು. ಸಿ ಕಂಪೈಲರ್ ಆದ ಜಿಸಿಸಿಯ ಹೊಸ ಆವೃತ್ತಿ ವಿನಾಕಾರಣ ಕಟ್ಟುನಿಟ್ಟಾಗಿದೆ, -ಎಫ್‌ಪರ್ಮಿಸಿವ್ ಎಂಬ ಆಯ್ಕೆ ಕೊಟ್ಟರೆ ದೋಷಗಳು ಮತ್ತೆ ಬರಿಯ ಎಚ್ಚರಿಕೆಗಳಾಗುತ್ತವೆ ಎಂಬ ಸಲಹೆ ಅದು.

ಸಲಹೆಯಲ್ಲಿ ಅರ್ಧ ಸತ್ಯವಿದೆ. ಘೋಷಿಸದ ಫಂಕ್ಷನ್ನನ್ನು ಕರೆಯುವ ಸವಲತ್ತನ್ನು ಸಿ ಭಾಷೆಯ 1999ರ ಮಾನದಂಡವೇ ತೆಗೆದುಹಾಕಿತ್ತು. ಹಳೆಯ ಕೋಡ್ ಮುರಿಯಬಾರದೆಂದು ಜಿಸಿಸಿ ಕಾಲು ಶತಮಾನ ಸಹಿಸಿಕೊಂಡು, 2024ರಲ್ಲಿ ಬಂದ 14ನೆಯ ಆವೃತ್ತಿಯಲ್ಲಿ ಅದನ್ನು ದೋಷವೆಂದು ಪರಿಗಣಿಸತೊಡಗಿತು. ಡೆಬಿಯನ್ 13ರಲ್ಲಿರುವುದು ಜಿಸಿಸಿ 14. ಹಳೆಯ ಯಂತ್ರದಲ್ಲಿ ಯಾವುದಿತ್ತು? ಎತ್ತಿಟ್ಟಿದ್ದ ಹಳೆಯ ಪ್ರೋಗ್ರಾಂ ಫೈಲಿನ ಮೇಲೆ ರೀಡ್‌ಎಲ್ಫ್ -ಪಿ .ಕಾಮೆಂಟ್ ಓಡಿಸಿದಾಗ ಜಿಸಿಸಿ 4.9.2 ಎಂದು ಉತ್ತರ ಬಂತು. ಯಂತ್ರ ಸತ್ತರೂ ಅದರ ಕಂಪೈಲರ್ ತನ್ನ ಸಹಿಯನ್ನು ಫೈಲಿನೊಳಗೆ ಉಳಿಸಿತ್ತು.

ನಿಜ ಹೇಳಬೇಕೆಂದರೆ -ಎಫ್‌ಪರ್ಮಿಸಿವ್ ಹಾಕಿ ಕೈತೊಳೆದುಕೊಳ್ಳುವ ಆಸೆ ನನಗೂ ಆಯಿತು. ಮೂರು ದಿನ ಕಳೆದಿದ್ದವು, ಎಣಿಸಬೇಕಾದ ಚಿತ್ರಗಳು ಕಾಯುತ್ತಿದ್ದವು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಮೂಲ ಫೋಲ್ಡರನ್ನು ಮುಟ್ಟದೆ, ಇನ್ನೊಂದು ನಕಲಿನಲ್ಲಿ ಆ ಆಯ್ಕೆ ಹಾಕಿ ನೋಡುವುದು. ಬಿಲ್ಡ್ ಆಯಿತು. 200 ಪಿಕ್ಸೆಲ್‌ನ ತುಂಡೊಂದನ್ನು ಕೊಟ್ಟೊಡನೆ ಪ್ರೋಗ್ರಾಂ ಸೆಗ್ಮೆಂಟೇಷನ್ ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿದ ದೋಷ) ಎಂದು ಬಿತ್ತು.

ಆಗ ಸಂಶೋಧಕಿ, ಸ್ವಲ್ಪ ಬೇಸರದಿಂದಲೇ, "ಹಳೇ ಯಂತ್ರದಲ್ಲಿ ದೊಡ್ಡ ಚಿತ್ರಕ್ಕೆ ಮಾತ್ರ ಹೀಗೆ ಬೀಳ್ತಿತ್ತು, ಚಿಕ್ಕದಕ್ಕೆ ಯಾವತ್ತೂ ಬಿದ್ದಿಲ್ಲ" ಎಂದರು. ಇಡೀ ಪ್ರಕರಣದಲ್ಲಿ ಅತ್ಯಂತ ಉಪಯುಕ್ತವಾದ ಮಾತು ಇದು. ಬೀಳುವ ರೀತಿ ಒಂದೇ, ಬೀಳುವ ಗಾತ್ರ ಮಾತ್ರ ಬೇರೆ ಎಂದಾದರೆ, ಬಹುಶಃ ಕಾರಣವೂ ಒಂದೇ.

ಕಾರಣ ಹತ್ತಿರದಿಂದ

ಲೋಡ್_ಇಮೇಜ್ ಫಂಕ್ಷನ್ ಇರುವುದು ಇನ್ನೊಂದು ಫೈಲಿನಲ್ಲಿ. ಅದು ಚಿತ್ರಕ್ಕೆ ಬೇಕಾದಷ್ಟು ಮೆಮೊರಿಯನ್ನು ಮ್ಯಾಲಾಕ್ ಮೂಲಕ ಪಡೆದು, ಅದರ ವಿಳಾಸವನ್ನು ಹಿಂದಿರುಗಿಸುತ್ತದೆ. ಮೇನ್.ಸಿಯಲ್ಲಿ ಘೋಷಣೆ ಇಲ್ಲದ್ದರಿಂದ, ಈ ಫಂಕ್ಷನ್ ಒಂದು ಸಾಧಾರಣ ಪೂರ್ಣಾಂಕವನ್ನು ಹಿಂದಿರುಗಿಸುತ್ತದೆ ಎಂದು ಕಂಪೈಲರ್ ಊಹಿಸಿಕೊಳ್ಳುತ್ತದೆ. ಈ ಯಂತ್ರಗಳಲ್ಲಿ ವಿಳಾಸ 64 ಬಿಟ್, ಪೂರ್ಣಾಂಕ 32 ಬಿಟ್. ಹಿಂದಿರುಗಿ ಬಂದ ವಿಳಾಸದ ಮೇಲರ್ಧವನ್ನು ಮೇನ್.ಸಿ ಕತ್ತರಿಸಿ ಎಸೆಯುತ್ತದೆ.

ಪ್ರಶ್ನೆ ಇಷ್ಟೇ: ಹಾಗಿದ್ದರೆ ಹಳೆಯ ಯಂತ್ರದಲ್ಲಿ ಚಿಕ್ಕ ಚಿತ್ರಗಳು ಹೇಗೆ ಬದುಕುತ್ತಿದ್ದವು? ಎತ್ತಿಟ್ಟಿದ್ದ ಹಳೆಯ ಫೈಲಿನ ಮೇಲೆ ಫೈಲ್ ಕಮಾಂಡ್ ಓಡಿಸಿದೆವು. ಅದು ಬರಿಯ 'ಎಕ್ಸಿಕ್ಯೂಟಬಲ್' ಎಂದಿತು. ಹೊಸದಾಗಿ ಬಿಲ್ಡ್ ಮಾಡಿದ್ದನ್ನು 'ಪೈ ಎಕ್ಸಿಕ್ಯೂಟಬಲ್' ಎಂದಿತು. ಪೈ ಎಂದರೆ ಮೆಮೊರಿಯ ಯಾವ ಜಾಗದಲ್ಲಾದರೂ ಕೂರಬಲ್ಲ ಪ್ರೋಗ್ರಾಂ. ಡೆಬಿಯನ್ 9ರಿಂದ, ಅಂದರೆ 2017ರಿಂದ, ಬಹುತೇಕ ಯಂತ್ರಗಳಲ್ಲಿ ಅದೇ ಸಹಜ ಕ್ರಮ. ಹಳೆಯ ರೀತಿಯ ಪ್ರೋಗ್ರಾಂ ವಿಳಾಸ ಶ್ರೇಣಿಯ ತಳಭಾಗದಲ್ಲಿ ಕೂರುತ್ತದೆ, ಅದರ ಹೀಪ್ (ಓಡುವಾಗ ಕೇಳಿದ ಮೆಮೊರಿ ಸಿಗುವ ಜಾಗ) ಕೂಡ ಅಲ್ಲೇ ಹತ್ತಿರದಲ್ಲಿ ಶುರುವಾಗುತ್ತದೆ. ಆ ವಿಳಾಸಗಳು ಎಷ್ಟು ಚಿಕ್ಕವೆಂದರೆ ಮೇಲರ್ಧವೆಲ್ಲ ಸೊನ್ನೆ. ಸೊನ್ನೆಯನ್ನು ಕತ್ತರಿಸಿ ಎಸೆದರೆ ನಷ್ಟವೇನೂ ಇಲ್ಲ.

ಆದರೆ ಮ್ಯಾಲಾಕ್ ಎಲ್ಲ ಬೇಡಿಕೆಗಳನ್ನೂ ಹೀಪ್‌ನಿಂದ ಪೂರೈಸುವುದಿಲ್ಲ. ಜಿಲಿಬ್‌ಸಿಯ (ಮ್ಯಾಲಾಕ್ ಅನ್ನು ಒದಗಿಸುವ ಸಿ ಲೈಬ್ರರಿ) ಪೂರ್ವನಿಯೋಜಿತ ಎಲ್ಲೆ 128 ಕೆಬಿ, ಅಂದರೆ 1,31,072 ಬೈಟ್. ಸಾಮಾನ್ಯವಾಗಿ ಅದನ್ನು ಮುಟ್ಟಿದ ಬೇಡಿಕೆಗೆ ಎಂಮ್ಯಾಪ್ ಮೂಲಕ ಪ್ರತ್ಯೇಕ ಜಾಗ ಕೊಡುತ್ತದೆ, ಆ ಜಾಗ ಇರುವುದು ವಿಳಾಸ ಶ್ರೇಣಿಯ ಮೇಲ್ತುದಿಯಲ್ಲಿ. ಈಗ ಲೆಕ್ಕ ಹಾಕಿ ನೋಡಿ. 200 ಪಿಕ್ಸೆಲ್ ಚೌಕದ ಬಣ್ಣದ ಚಿತ್ರಕ್ಕೆ ಬೇಕಾದುದು 200 × 200 × 3, ಅಂದರೆ 1,20,000 ಬೈಟ್, ಎಲ್ಲೆಯ ಒಳಗೆ. 210 ಪಿಕ್ಸೆಲ್ ಆದರೆ 1,32,300, ಎಲ್ಲೆಯ ಹೊರಗೆ. ರೀಡ್‌ಮಿಯ ಆ ಮಿತಿ ಪ್ರಯೋಗದಿಂದ ಕಂಡುಕೊಂಡದ್ದು, ಮತ್ತು ಕಂಡುಕೊಂಡವರು ಸರಿಯಾದ ಅಂಕಿಯ ಹತ್ತಿರಕ್ಕೇ ಬಂದಿದ್ದರು. ಈ ಲೆಕ್ಕ ಕಾಗದದ ಮೇಲೆ ಮೂಡಿದಾಗ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೇಳಲು ಚೆನ್ನಾಗಿರುವ ವಿವರಣೆ ಸರಿಯಾಗಿಯೇ ಇರಬೇಕೆಂದೇನಿಲ್ಲವಾದ್ದರಿಂದ ಪರೀಕ್ಷಿಸಿದೆವು. ಪರೀಕ್ಷೆಯ ನಕಲಿನಲ್ಲಿ ಲೋಡ್_ಇಮೇಜ್ ಕೊನೆಯಲ್ಲಿ ಒಂದು, ಮೇನ್.ಸಿಯಲ್ಲಿ ಅದು ಹಿಂದಿರುಗಿದ ಮೇಲೆ ಒಂದು, ಹೀಗೆ ವಿಳಾಸವನ್ನು ಮುದ್ರಿಸುವ ಎರಡು ಸಾಲು ಸೇರಿಸಿ, -ಎಫ್‌ಪರ್ಮಿಸಿವ್ ಜೊತೆಗೆ -ನೋ-ಪೈ ಕೂಡ ಕೊಟ್ಟು ಹಳೆಯ ಪರಿಸ್ಥಿತಿಯನ್ನು ಮರುಸೃಷ್ಟಿಸಿದೆವು. 200 ಪಿಕ್ಸೆಲ್ ಚಿತ್ರಕ್ಕೆ ಎರಡೂ ವಿಳಾಸಗಳು ಒಂದೇ ಆಗಿದ್ದವು, ಎಣಿಕೆಯೂ ಬಂತು. 256 ಪಿಕ್ಸೆಲ್ ಚಿತ್ರಕ್ಕೆ ಫಂಕ್ಷನ್ನಿನ ಒಳಗೆ (ಹದಿನಾರರ ಆಧಾರದ ಅಂಕಿಯಲ್ಲಿ) 7ಎಫ್3120456010 ಎಂದಿದ್ದ ವಿಳಾಸ, ಹೊರಗೆ ಬಂದಾಗ 20456010 ಆಗಿತ್ತು. ಮರುಕ್ಷಣ ಪ್ರೋಗ್ರಾಂ ಬಿತ್ತು. -ನೋ-ಪೈ ತೆಗೆದಾಗ ಚಿಕ್ಕ ಚಿತ್ರದ ವಿಳಾಸವೂ ಹನ್ನೆರಡು ಅಂಕಿಗೆ ಬೆಳೆದು, ಅದೂ ಕತ್ತರಿಸಿಹೋಯಿತು.

ಜಿಸಿಸಿ 4.9 ಈ ಬಗ್ಗೆ ಏನೂ ಹೇಳಿರಲಿಲ್ಲವೇ? ಹೇಳಿತ್ತು. ಘೋಷಣೆ ಇಲ್ಲವೆಂಬ ಮಾತನ್ನು ಆಗಿನ ಜಿಸಿಸಿ -ವಾಲ್ (ಹೆಚ್ಚಿನ ಎಚ್ಚರಿಕೆಗಳನ್ನು ಕೇಳುವ ಆಯ್ಕೆ) ಕೊಡದೆ ಆಡುತ್ತಿರಲಿಲ್ಲ, ಆದರೆ ಪೂರ್ಣಾಂಕದಿಂದ ಪಾಯಿಂಟರ್ ಮಾಡಲಾಗುತ್ತಿದೆ ಎಂಬ ಎಚ್ಚರಿಕೆಯನ್ನು ಕೇಳದೆಯೂ ಕೊಡುತ್ತಿತ್ತು. ಮೇನ್.ಸಿ ಕಂಪೈಲ್ ಆದಾಗಲೆಲ್ಲ ಆ ಸಾಲು ಹುಟ್ಟಿ, /ಡೆವ್/ನಲ್‌ಗೆ ಹೋಗಿ, ಯಾರ ಕಣ್ಣಿಗೂ ಬೀಳದೆ ಮರೆಯಾಗಿತ್ತು.

ಪರಿಹಾರ, ಮತ್ತು ಬದಲಾದ ಕ್ರಮ

ತಿದ್ದುಪಡಿ ಒಂದೇ ಸಾಲಿನದು. ಲೋಡ್_ಇಮೇಜ್‌ನ ಘೋಷಣೆಯನ್ನು ಒಂದು ಹೆಡರ್ ಫೈಲಿನಲ್ಲಿ ಬರೆದು, ಅದನ್ನು ಮೇನ್.ಸಿಯಲ್ಲೂ ಫಂಕ್ಷನ್ ಇರುವ ಫೈಲಿನಲ್ಲೂ ಸೇರಿಸಿದೆವು. ಎರಡೂ ಕಡೆ ಸೇರಿಸಿದ್ದಕ್ಕೆ ಕಾರಣವಿದೆ: ಮುಂದೆ ಯಾರಾದರೂ ಫಂಕ್ಷನ್ನಿನ ರೂಪ ಬದಲಿಸಿ ಘೋಷಣೆಯನ್ನು ಮರೆತರೆ, ಕಂಪೈಲರ್ ಹೊಂದಿಕೆಯಿಲ್ಲವೆಂದು ಅಲ್ಲೇ ಹಿಡಿಯುತ್ತದೆ. ಮೇಕ್‌ಫೈಲಿಗೆ -ವಾಲ್ ಸೇರಿತು. -ಎಫ್‌ಸ್ಯಾನಿಟೈಸ್=ಅಡ್ರೆಸ್ (ಮೆಮೊರಿ ತಪ್ಪುಗಳನ್ನು ಹಿಡಿಯುವ ಆಯ್ಕೆ) ಹಾಕಿ ಒಮ್ಮೆ ಬಿಲ್ಡ್ ಮಾಡಿ ದೊಡ್ಡ ಚಿತ್ರಗಳನ್ನು ಓಡಿಸಿದಾಗ ಬೇರೆ ದೂರುಗಳು ಬರಲಿಲ್ಲ. 2048 × 1536 ಪಿಕ್ಸೆಲ್‌ನ ಇಡೀ ಚಿತ್ರ ಕತ್ತರಿಸದೆ ಓಡಿತು.

ಬಿಲ್ಡ್.ಎಸ್‌ಎಚ್ ಅಳಿಸಿಹಾಕೋಣ ಎಂದು ನಾನು ಹೇಳಿದೆ. ಪ್ರಯೋಗಾಲಯದವರಿಗೆ ಆ ಹೆಸರು ರೂಢಿಯಾಗಿದೆ, ಇರಲಿ ಎಂದು ಸಂಶೋಧಕಿ ಹೇಳಿದರು, ಅವರದೇ ಸರಿ. ಒಳಗಿನದನ್ನು ಬದಲಿಸಿದೆವು. ಈಗ ಅದು ಮೊದಲು ಮೇಕ್ ಕ್ಲೀನ್ ಮಾಡುತ್ತದೆ, ಮೇಕ್‌ನ ಮಾತುಗಳನ್ನು ಟೀ ಮೂಲಕ ಲಾಗ್ ಫೈಲಿಗೂ ಬರೆಯುತ್ತದೆ, ಗೆದ್ದರೆ ಮಾತ್ರ ಗೆದ್ದೆನೆನ್ನುತ್ತದೆ. ಇದರಲ್ಲೊಂದು ಸೂಕ್ಷ್ಮವಿದೆ. ಪೈಪ್ ಹಾಕಿದಾಗ ಸ್ಕ್ರಿಪ್ಟಿನ ಕಮಾಂಡುಗಳನ್ನು ಓಡಿಸುವ ಬ್ಯಾಷ್ ನೋಡುವುದು ಸಾಲಿನ ಕೊನೆಯ ಕಮಾಂಡಿನ ಫಲಿತಾಂಶವನ್ನು, ಅಂದರೆ ಟೀಯದನ್ನು. ಟೀ ಸೋಲುವುದು ಅಪರೂಪ. ಮೇಕ್ ಸೋತರೂ && ಆಚೆಗಿನ 'ಕಂಪ್ಲೀಟ್' ಮುದ್ರಿತವಾಗುತ್ತದೆ. ನಮ್ಮ ಮೊದಲ ಪರಿಷ್ಕರಣೆಯಲ್ಲಿ ನಾನೇ ಈ ತಪ್ಪು ಮಾಡಿದ್ದೆ. ಬೇಕೆಂದೇ ಒಂದು ಅರ್ಧವಿರಾಮ ಚಿಹ್ನೆ ಅಳಿಸಿ ಬಿಲ್ಡ್ ಮುರಿದು ನೋಡಿದಾಗ ಅದು ಬಯಲಾಯಿತು. ಸ್ಕ್ರಿಪ್ಟಿನ ಮೇಲ್ಗಡೆ ಸೆಟ್ -ಇ ಮತ್ತು ಸೆಟ್ -ಒ ಪೈಪ್‌ಫೇಲ್ ಎಂಬ ಎರಡು ಸಾಲು ಸೇರಿಸಿದ ಮೇಲೆ ಸರಿಹೋಯಿತು. ಬಿಲ್ಡ್ ಸ್ಕ್ರಿಪ್ಟ್ ಬರೆದವರು ಒಮ್ಮೆಯಾದರೂ ಬಿಲ್ಡನ್ನು ಬೇಕೆಂದೇ ಮುರಿದು, ಸ್ಕ್ರಿಪ್ಟ್ ಏನು ಹೇಳುತ್ತದೆಂದು ನೋಡಬೇಕೆಂಬುದು ಅಂದಿನಿಂದ ನನ್ನ ಕ್ರಮವಾಗಿದೆ.

ಹಿಂದಿರುಗಿ ನೋಡಿದರೆ, ಕಳೆದ ಮೂರು ದಿನಗಳಲ್ಲಿ ಸಂಶೋಧಕಿ ತೆಗೆದುಕೊಂಡ ಯಾವ ಹೆಜ್ಜೆಯೂ ಮೂರ್ಖತನದ್ದಲ್ಲ. 'ಕಂಪ್ಲೀಟ್' ಎಂದದ್ದನ್ನು ನಂಬಿ, ಕಂಡ ದೋಷವನ್ನು ಹುಡುಕಿ, ಸಿಕ್ಕಿದ ಸಲಹೆಯನ್ನು ಮಾಡಿದರು. ತಪ್ಪಿದ್ದು ಆರಂಭದ ಬಿಂದು. ದೋಷ ಓಡಿಸುವಾಗಿನದೋ, ಲಿಂಕ್ ಮಾಡುವಾಗಿನದೋ, ಕಂಪೈಲ್ ಮಾಡುವಾಗಿನದೋ ಎಂದು ವಿಂಗಡಿಸಿಕೊಂಡಿದ್ದರೆ, ಈಗಷ್ಟೇ ಕಂಪೈಲ್ ಆದ ಪ್ರೋಗ್ರಾಂ ಯಂತ್ರದಲ್ಲೇ ಇಲ್ಲದ ಲೈಬ್ರರಿಯನ್ನು ಕೇಳುವುದು ಹೇಗೆ ಸಾಧ್ಯ ಎಂಬ ಪ್ರಶ್ನೆ ಮೊದಲ ಗಂಟೆಯಲ್ಲೇ ಏಳುತ್ತಿತ್ತು. ಎಲ್‌ಡಿಡಿ (ಪ್ರೋಗ್ರಾಂ ಕೇಳುವ ಲೈಬ್ರರಿಗಳನ್ನು ತೋರಿಸುವ) ಕಮಾಂಡಿನ ಒಂದು ಸಾಲು, ಎಲ್ಎಸ್ -ಎಲ್‌ನ ಒಂದು ದಿನಾಂಕ, ಅಷ್ಟು ಸಾಕಿತ್ತು.

ಉಳಿದುಕೊಂಡದ್ದು

ಪ್ರಕರಣ ಇಲ್ಲಿಗೆ ಮುಗಿಯಿತೆಂದು ನಾನು ಎಣಿಸಿದ್ದೆ. ಒಂದು ವಾರದ ಮೇಲೆ ಸಂಶೋಧಕಿ ಎರಡು ಅಂಕಿಗಳನ್ನು ಕಳಿಸಿದರು: ಅದೇ ಹಳೆಯ ಚಿತ್ರದ ಎಣಿಕೆ, ತುಂಡು ಮಾಡಿ ಎಣಿಸಿದಾಗ ಒಂದು, ಇಡಿಯಾಗಿ ಎಣಿಸಿದಾಗ ಇನ್ನೊಂದು. ಇಡಿಯಾಗಿ ಎಣಿಸಿದ್ದು ಕಡಿಮೆ ಇತ್ತು. ಕತ್ತರಿಸಿದ ಗೆರೆಯ ಮೇಲೆ ಬಿದ್ದ ಕಣ ಎರಡು ಭಾಗವಾಗಿ, ಎರಡು ತುಂಡುಗಳಲ್ಲೂ ಒಂದೊಂದು ಕಣವಾಗಿ ಲೆಕ್ಕಕ್ಕೆ ಸೇರುತ್ತಿತ್ತು. ಕಣಗಳು ದೊಡ್ಡದಾದಷ್ಟೂ ಗೆರೆ ಮುಟ್ಟುವುದು ಹೆಚ್ಚು, ವ್ಯತ್ಯಾಸವೂ ಹೆಚ್ಚು. ಮೂಲ ಚಿತ್ರಗಳು ಬ್ಯಾಕಪಿನಲ್ಲಿ ಇದ್ದುದರಿಂದ ಹಳೆಯ ಎಣಿಕೆಗಳನ್ನೆಲ್ಲ ಮತ್ತೆ ಮಾಡಲು ಅವರು ನಿರ್ಧರಿಸಿದರು. ನಾನು ಕೊನೆಯ ಬಾರಿ ವಿಚಾರಿಸಿದಾಗ ಅರ್ಧದಷ್ಟು ಮುಗಿದಿತ್ತು. ರೀಡ್‌ಮಿ ಫೈಲಿನ 200 ಪಿಕ್ಸೆಲ್‌ನ ಸಾಲನ್ನು ಅಳಿಸದೆ, ಅದರ ಕೆಳಗೆ ಕಾರಣವನ್ನೂ ದಿನಾಂಕವನ್ನೂ ಬರೆದಿಟ್ಟಿದ್ದರು.